ಕೊಂಡಿಯೆಂಬ ಸಾಕ್ಷಿ

ಇಳಕಲ್ಲಿನಲ್ಲಿ ಸೀರೆ ನೇಯಿಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವರ್ಷ ಮನೆಗೆ ಬಂದಿದ್ದ. ನಾಲ್ಕು ಕೈಮಗ್ಗಗಳ ಪುಟ್ಟ ವ್ಯಾಪಾರ ಅವನದು. ಮಗನ ಒತ್ತಾಯಕ್ಕೆ ಜಾಲತಾಣವೊಂದನ್ನೂ ತೆರೆದಿದ್ದ.

"ಸರ್, ಗೂಗಲ್‌ನಾಗ ಹುಡುಕಿದ್ರ ನಮ್ಮ ಹೆಸರ ಬರತಿರಲಿಲ್ರಿ. ಸಾವಿರ ಕೊಂಡಿ ಹಚ್ಚಿ ಮ್ಯಾಲ ತರತೀವಿ ಅಂದವರಿಗೆ ರೊಕ್ಕಾ ಕೊಟ್ಟೆ. ಎರಡು ತಿಂಗಳು ಮ್ಯಾಲ ಬಂತು. ಈಗ ಎಲ್ಲೂ ಸಿಗವಲ್ದರಿ" ಎಂದ. ಎರಡು ಮಗ್ಗಗಳು ಆಗಲೇ ನಿಂತಿದ್ದವು.

ಹಳಗನ್ನಡ ಪಾಠ ಹೇಳಿದವನಿಗೆ ಈ ವಿದ್ಯೆ ಎಲ್ಲಿಂದ ಬರಬೇಕು? ಆದರೂ ಶಿಷ್ಯನ ಸಂಕಟ ನನ್ನನ್ನು ಓದಲು ಹಚ್ಚಿತು. ಓದಿದಂತೆಲ್ಲ ವಿಷಯ ನನಗೆ ಹಳೆಯ ಪರಿಚಯದಂತೆಯೇ ತೋರಿತು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ 1998ರಲ್ಲಿ ತಮ್ಮ ಶೋಧಕ್ರಮವನ್ನು ಪ್ರಕಟಿಸಿದರು. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ದಾರಿ ತೋರುವ ಕೊಂಡಿಯನ್ನು ಅವರು ಸಾಕ್ಷಿಯೆಂದು ಬಗೆದರು. ಸಾಕ್ಷಿಗಳ ಸಂಖ್ಯೆಯಷ್ಟೇ ಅಲ್ಲ, ಸಾಕ್ಷಿ ನುಡಿಯುವವನ ಯೋಗ್ಯತೆಯೂ ಲೆಕ್ಕಕ್ಕೆ ಬಂತು. ಗೂಗಲ್ ಇಂದು ಬೇರೆ ಅನೇಕ ಅಂಶಗಳನ್ನು ತೂಗುತ್ತದೆ. ಆದರೆ ಕೊಂಡಿಯನ್ನು ಕೈಬಿಟ್ಟಿಲ್ಲ.

ಇದು ನಮಗೆ ಹೊಸದೇ? ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರನ್ನು ಗದ್ಯಕಾರರೆಂದು ಹೆಸರಿಸುತ್ತದೆ. ಅವರ ಕನ್ನಡ ಗದ್ಯ ನಮಗೆ ದೊರೆತಿಲ್ಲ. ಆದರೂ ಅವರು ಸಾಹಿತ್ಯಚರಿತ್ರೆಯಲ್ಲಿ ಬದುಕಿದ್ದಾರೆ. ಯೋಗ್ಯವಾದ ಒಂದು ಗ್ರಂಥದ ಒಂದೇ ಸಾಕ್ಷಿ ಸಾಕಾಯಿತು. ಆ ಸಾಕ್ಷಿಯನ್ನು ಅವರು ಹಣ ಕೊಟ್ಟು ಪಡೆದಿದ್ದರೆಂದಾದರೆ ಇಂದು ಯಾರು ನಂಬುತ್ತಿದ್ದರು?

ಗೂಗಲ್‌ಗೂ ಈ ಸಂದೇಹ ಬಂತು. 2012ರಲ್ಲಿ 'ಪೆಂಗ್ವಿನ್' ಎಂಬ ಮಾರ್ಪಾಡಿನಿಂದ ಅದು ಕೃತಕ ಕೊಂಡಿಗಳ ಬೆನ್ನು ಹತ್ತಿತು. ಕೊಂಡ ಸಾಕ್ಷಿಯನ್ನು ಅದು ಎಣಿಕೆಗೇ ತೆಗೆದುಕೊಳ್ಳದಿರಬಹುದು. ತಾಣವನ್ನು ಕೆಳಕ್ಕೆ ತಳ್ಳಲೂಬಹುದು. ಜಾಹೀರಾತಿಗೆಂದು ಹಣ ಕೊಟ್ಟ ಕೊಂಡಿಗೆ ಹಾಗೆಂದು ಗುರುತು ಹಾಕಬೇಕೆಂಬುದು ಅದರ ನಿಯಮ.

ಈ ಮಾತು ಓದುವಾಗ ನನಗೆ ನಾಚಿಕೆಯಾಯಿತು. ನನ್ನ ಮೊದಲ ಪುಸ್ತಕಕ್ಕೆ ಗೆಳೆಯರಿಂದ ಹೊಗಳಿಕೆಯ ವಿಮರ್ಶೆಗಳನ್ನು ನಾನೇ ಬರೆಯಿಸಿದ್ದೆ. ಅವು ಒಂದು ಪ್ರತಿಯನ್ನೂ ಮಾರಿಕೊಡಲಿಲ್ಲ. ಮುಖಪರಿಚಯವಿಲ್ಲದ ಸಂಶೋಧಕರೊಬ್ಬರ ಅಡಿಟಿಪ್ಪಣಿಯೊಂದು ವರ್ಷಗಳ ಮೇಲೆ ಓದುಗರನ್ನು ಕರೆತಂದಿತು.

ಶಿಷ್ಯನಿಗೆ ಹೇಳಿದೆ: "ಕೊಂಡಿ ಕೇಳುವ ಮೊದಲು, ಕೊಂಡಿಗೆ ತಕ್ಕದ್ದನ್ನು ಬರಿ." ಅವನು ನಕ್ಕ. "ನಮ್ಮ ನೇಕಾರಿಕ್ಯಾಗೂ ಕೊಂಡಿ ಅಂತ ಐತ್ರಿ ಸರ್" ಎಂದ. ಮೂರು ಲಾಳಿಗಳಿಂದ ಹೊಕ್ಕು ಹಾಕುವ ಇಳಕಲ್ಲಿನ ವಿಧಾನಕ್ಕೆ ಆ ಹೆಸರು. ಅದನ್ನೂ, ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕುಣಿಕೆಗಳಿಂದ ಜೋಡಿಸುವ ಬಗೆಯನ್ನೂ ಚಿತ್ರಸಹಿತ ಬರೆದು ತನ್ನ ತಾಣದಲ್ಲಿಟ್ಟ. ಕೊಂಡಿದ್ದ ಕೊಂಡಿಗಳಲ್ಲಿ ಸಾಧ್ಯವಾದಷ್ಟನ್ನು ತೆಗೆಸಿದ. ಹಿಂದೊಮ್ಮೆ ಅವನ ಮಗ್ಗಗಳ ಬಗ್ಗೆ ಬರೆದಿದ್ದ ಪತ್ರಿಕೆಯೊಂದಕ್ಕೆ ತಾಣದ ವಿಳಾಸ ಸೇರಿಸಿರೆಂದು ವಿನಂತಿಸಿಕೊಂಡ. ನೇಯ್ಗೆ ನೋಡಲು ಬಂದಿದ್ದ ವಿನ್ಯಾಸದ ಕಾಲೇಜಿನವರು ತಾವಾಗಿಯೇ ಕೊಂಡಿ ಕೊಟ್ಟರು.

ಎಂಟು ತಿಂಗಳಲ್ಲಿ ಬಂದ ಕೊಂಡಿಗಳು ಹನ್ನೊಂದು. ಅವನ ತಾಣ ಈಗಲೂ ಮೊದಲ ಸ್ಥಾನದಲ್ಲಿಲ್ಲ. ಆದರೆ ಹುಡುಕಿದವರಿಗೆ ಸಿಗುತ್ತದೆ. ನಿಂತಿದ್ದ ಮಗ್ಗಗಳಲ್ಲಿ ಒಂದು ಮತ್ತೆ ನಡೆಯುತ್ತಿದೆ. ಇನ್ನೊಂದರ ಸದ್ದಿಗಾಗಿ ನಾವಿಬ್ಬರೂ ಕಾದಿದ್ದೇವೆ.