ಕೌಂಟರ್ 71ರಲ್ಲಿ ನಿಂತಿದೆ

ಒಂದು ದೀಪಾವಳಿಗೆ ನಾನು ಪುಣೆಯಿಂದ ಊರಿಗೆ ಹೋಗಲಿಲ್ಲ. ಸ್ಲೀಪರ್ ಬಸ್ ರೇಟು ಸಿಕ್ಕಾಪಟ್ಟೆ ಏರಿದೆ, ಆಮೇಲೆ ಬರ್ತೀನಿ ಅಂತ ಅಮ್ಮನಿಗೆ ಹೇಳಿದ್ದೆ. ಜನವರಿಯಲ್ಲಿ ಟ್ಯಾಕ್ಸ್ ಕೆಲಸಕ್ಕೆ ಅಂತ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದೆ. ಆ ದೀಪಾವಳಿ ತಿಂಗಳಲ್ಲಿ ಒಂದು ಮೊಬೈಲ್ ಗೇಮಿಗೆ 6,343 ರೂಪಾಯಿ ಕೊಟ್ಟಿದ್ದೆ. 89ರಂತೆ 41 ಸಲ, 449ರಂತೆ 6 ಸಲ. ಗೇಮಿನ ಹೆಸರು ಬೇಡ ಬಿಡಿ. ಅದರೊಳಗಿನ ಯಂತ್ರದ ಬಗ್ಗೆ ಮಾತಾಡೋಣ.

ಅದನ್ನ ಗಾಚಾ ಅಂತಾರೆ. ಜಪಾನಿನಲ್ಲಿ ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಆಟಿಕೆಯ ಡಬ್ಬಿ ಬೀಳುವ ಯಂತ್ರಗಳಿವೆ. ಹಿಡಿ ತಿರುಗುವ ಸದ್ದಿನಿಂದ ಬಂದ ಹೆಸರು. ನಮ್ಮೂರಿನ ಪೆಟ್ಟಿಗೆ ಅಂಗಡಿಯಲ್ಲೂ ಚೀಟಿ ಕೀಳುವ ಬೋರ್ಡ್ ಇರ್ತಿತ್ತಲ್ಲ, ಅದರ ಅಣ್ಣ ಅನ್ನಿ. ನೂರು ಚೀಟಿ, ಒಂದರಲ್ಲಿ ಪ್ಲಾಸ್ಟಿಕ್ ಬ್ಯಾಟು. ನಾವು ಹುಡುಗರು ಜಾಣರು. ಬೇರೆಯವರು ಎಂಬತ್ತು ಚೀಟಿ ಕೀಳಲಿ ಅಂತ ಕಾಯ್ತಿದ್ವಿ, ಯಾಕಂದ್ರೆ ಉಳಿದ ಇಪ್ಪತ್ತರಲ್ಲಿ ಬ್ಯಾಟು ಇದ್ದೇ ಇದೆ.

ಫೋನಿನಲ್ಲಿ ಹಾಗಲ್ಲ. ಕಿತ್ತ ಚೀಟಿಯನ್ನು ಸರ್ವರ್ ಪ್ರತಿ ಸಲ ವಾಪಸ್ ಅಂಟಿಸುತ್ತದೆ. ಶೇ. 1 ಸಾಧ್ಯತೆ ಇರುವ ಪಾತ್ರಕ್ಕೆ ನೂರು ಸಲ ಎಳೆದರೆ ಬಂದೇ ಬರುತ್ತೆ ಅಂದ್ಕೋತೀವಿ. 0.99ನ್ನು ನೂರು ಸಲ ಗುಣಿಸಿ ನೋಡಿ: ನೂರು ಜನರಲ್ಲಿ ಸುಮಾರು 37 ಜನಕ್ಕೆ ಬರೋದೇ ಇಲ್ಲ. ದಿನವಿಡೀ ಕೋಡ್ ಬರೆಯುವ ನನಗೆ ಈ ಲೆಕ್ಕ ಗೊತ್ತಿರಲಿಲ್ಲವೇ? ಗೊತ್ತಿತ್ತು. ರಾತ್ರಿ ಹನ್ನೆರಡಕ್ಕೆ ನೆನಪಾಗಲಿಲ್ಲ.

ಇದಕ್ಕಿಂತ ಕೆಟ್ಟದ್ದೂ ಇತ್ತು, ಕಂಪು ಗಾಚಾ. ಹಲವು ವಸ್ತುಗಳ ಪೂರ್ತಿ ಸೆಟ್ ಸೇರಿದರೆ ಮಾತ್ರ ದೊಡ್ಡ ಬಹುಮಾನ. ಸಮ ಸಾಧ್ಯತೆಯ ಹತ್ತು ವಸ್ತುಗಳಿದ್ದರೆ ಸರಾಸರಿ 29 ಎಳೆತ ಬೇಕು, ಅದರಲ್ಲಿ ಕೊನೆಯ ಒಂದಕ್ಕೇ ಹತ್ತು. 2012ರಲ್ಲಿ ಜಪಾನಿನ ಗ್ರಾಹಕ ವ್ಯವಹಾರಗಳ ಸಂಸ್ಥೆ ಇದು ಕಾನೂನುಬಾಹಿರ ಅಂದಿತು. ಉಳಿದ ಗಾಚಾ ಹಾಗೇ ಮುಂದುವರಿಯಿತು.

2016ರ ಹೊಸವರ್ಷದ ಹೊತ್ತಿಗೆ ಗ್ರ್ಯಾನ್‌ಬ್ಲೂ ಫ್ಯಾಂಟಸಿ ಆಟದಲ್ಲಿ ಒಂದೇ ಪಾತ್ರಕ್ಕಾಗಿ ಒಬ್ಬ ಆಟಗಾರ 2,276 ಸಲ ಎಳೆದ, ಸುಮಾರು 6,000 ಡಾಲರ್ ಖರ್ಚಾಯಿತು. ಗಲಾಟೆಯಾಯ್ತು. ಕಂಪನಿ 300 ಎಳೆತದ ಮಿತಿ ತಂದಿತು: ಅಷ್ಟಾದ ಮೇಲೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಒಂದು ಎಳೆತಕ್ಕೆ 300 ಯೆನ್, ಅಂದ್ರೆ 90,000 ಯೆನ್.

ಇಂಥ ಮಿತಿಗೆ ಆಟಗಾರರು ‘ಪಿಟಿ’ ಅಂತಾರೆ, ಅಂದ್ರೆ ಕರುಣೆ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಚುರುಕಾದ ಕೊಕ್ಕೆ ಇದೇ. 2020ರಲ್ಲಿ ಬಂದ ಗೆನ್‌ಶಿನ್ ಇಂಪ್ಯಾಕ್ಟ್ ನೋಡಿ. ಪ್ರಕಟಿತ ದರ ಶೇ. 0.6, ತೊಂಬತ್ತನೆಯದಕ್ಕೆ ಒಂದು 5-ಸ್ಟಾರ್ ಖಚಿತ. ಆದರೆ ಅದು ನೀವು ಬಯಸಿದ ಪಾತ್ರವೇ ಆಗಬೇಕಿಲ್ಲ. ತಪ್ಪಿದರೆ ಮುಂದಿನ 5-ಸ್ಟಾರ್ ಅದೇ. ಗ್ರಹಚಾರ ಕೆಟ್ಟರೆ 180 ಎಳೆತ, ಪ್ರತಿಯೊಂದಕ್ಕೆ 160 ಪ್ರಿಮೊಜೆಮ್, ಒಟ್ಟು 28,800. ಎಷ್ಟು ರೂಪಾಯಿ ಅಂತ ತಕ್ಷಣ ಹೇಳಿ ನೋಡೋಣ? ಆಗಲ್ಲ. ರೂಪಾಯಿ ಮೊದಲು ಕ್ರಿಸ್ಟಲ್ ಆಗುತ್ತೆ, ಕ್ರಿಸ್ಟಲ್ ಪ್ರಿಮೊಜೆಮ್ ಆಗುತ್ತೆ, ಅದು ಎಳೆಯುವ ಟೋಕನ್ ಆಗುತ್ತೆ. ದುಡ್ಡಿಗೆ ಮೂರು ಸಲ ಬಟ್ಟೆ ಬದಲಿಸಿದ ಮೇಲೆ ಅದು ದುಡ್ಡು ಅಂತ ಅನ್ನಿಸೋದೇ ಇಲ್ಲ.

ಕೌಂಟರ್ ಸೊನ್ನೆಯಲ್ಲಿದ್ದಾಗ ಬಿಟ್ಟು ಏಳೋದು ಸುಲಭ. ಅರವತ್ತಕ್ಕೆ ಬಂದಾಗ ಇನ್ನು ಮೂವತ್ತೇ ತಾನೇ ಅನ್ನಿಸುತ್ತೆ. ಕಟ್ಟುತ್ತಾ ಬಂದ ಚೀಟಿ ಹಣವನ್ನು ನಡುವೆ ಬಿಟ್ಟಂತೆ ಸಂಕಟ. ನನ್ನ 41 ಪಾವತಿಗಳಲ್ಲಿ ಹೆಚ್ಚಿನವು ಹೀಗೇ ಆಗಿದ್ದು.

ಸಾಧ್ಯತೆಯನ್ನು ಪ್ರಕಟಿಸಬೇಕು ಅಂತ 2017ರಲ್ಲಿ ಚೀನಾ ನಿಯಮ ತಂದಿತು, ಅದೇ ವರ್ಷ ಆ್ಯಪಲ್ ಕೂಡ. ಒಳ್ಳೇದೇ. ಆದರೆ ನನ್ನ ಗೇಮಿನಲ್ಲೂ ದರ ಬರೆದಿತ್ತು, ನಾನು ಓದಿದ್ದೆ ಕೂಡ. ಪರದೆಯ ಮೇಲೆ ಇಲ್ಲದಿದ್ದದ್ದು ಈ ತಿಂಗಳು ರೂಪಾಯಿಯಲ್ಲಿ ಎಷ್ಟಾಯ್ತು ಅನ್ನೋ ಒಂದು ಸಾಲು. ಅದಿದ್ದಿದ್ರೆ ಬಸ್ ಟಿಕೆಟ್ ನೆನಪಾಗ್ತಿತ್ತೇನೋ.

ಗೇಮನ್ನ ಫೋನಿಂದ ತೆಗೆದಿದ್ದೀನಿ. ಸ್ಟೋರಿನಿಂದ ಕಾರ್ಡು, ಯುಪಿಐ ಎರಡನ್ನೂ ಬಿಡಿಸಿದ್ದೀನಿ. ಅಕೌಂಟ್ ಮಾತ್ರ ಇನ್ನೂ ಅಳಿಸಿಲ್ಲ, ಸುಳ್ಳು ಯಾಕೆ ಹೇಳ್ಲಿ. ಅಲ್ಲಿ ನನ್ನ ಕೌಂಟರ್ 71ರಲ್ಲಿ ನಿಂತಿದೆ. ಅಮ್ಮನಿಗೆ ಬಸ್ ರೇಟಿನ ವಿಷಯ ಈ ಯುಗಾದಿಗೆ ಹೋದಾಗ ಹೇಳಬೇಕು. ಏನಾದ್ರೂ ಕೇಳೋದಿದ್ರೆ ಕೇಳಿ.