ನೆಲವಿಲ್ಲದ ವಿಮಾನದಳ

ನಾರ್ವೆ ಎಂದೊಡನೆ ಸಾಹಿತ್ಯಾಸಕ್ತರಿಗೆ ನೆನಪಾಗುವ ಹೆಸರುಗಳು ಇಬ್ಸೆನ್ ಮತ್ತು ಹಾಮ್ಸುನ್. 1920ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಕ್ನುಟ್ ಹಾಮ್ಸುನ್, 1940ರಲ್ಲಿ ಜರ್ಮನ್ ಸೇನೆ ತನ್ನ ನಾಡಿನ ಮೇಲೆ ಏರಿಬಂದಾಗ, ಕೋವಿಯನ್ನು ಬಿಸುಟು ಮನೆಗೆ ಮರಳಿರೆಂದು ದೇಶಬಾಂಧವರಿಗೆ ಉಪದೇಶಿಸಿದ. ಆ ಮಾತಿಗೆ ಕಿವಿಗೊಡದೆ, ಮನೆಯನ್ನೇ ತೊರೆದು ಹೊರಟ ತರುಣರೂ ಇದ್ದರು. ಅವರಲ್ಲಿ ಕೆಲವರು ಸೇರಿ ರೂಪುಗೊಂಡ 331ನೆಯ ಯುದ್ಧವಿಮಾನ ಸ್ಕ್ವಾಡ್ರನ್ನಿನ ಚರಿತ್ರೆಯೇ ಇಂದಿನ ಭಾಷಣದ ವಸ್ತು.

1940ರ ಏಪ್ರಿಲ್ 9ರ ಬೆಳಗ್ಗೆ ರಾಜಧಾನಿ ಆಸ್ಲೋದ ರಕ್ಷಣೆಗೆಂದು ಫೋರ್ನೆಬು ನಿಲ್ದಾಣದಿಂದ ಮೇಲೇರಿದ್ದು ಏಳೇ ಏಳು ಗ್ಲಾಡಿಯೇಟರ್ ವಿಮಾನಗಳು. ಒಂದರ ಮೇಲೊಂದು ರೆಕ್ಕೆಯ, ಆ ವೇಳೆಗಾಗಲೇ ಹಳತಾಗಿದ್ದ ಯಂತ್ರಗಳು ಅವು. ಅವು ಹಲವು ಜರ್ಮನ್ ವಿಮಾನಗಳನ್ನು ಉರುಳಿಸಿದವು. ಆದರೆ ಇಳಿಯುವ ಹೊತ್ತಿಗೆ ನೆಲವೇ ಕೈತಪ್ಪುತ್ತಿತ್ತು. ಎರಡು ತಿಂಗಳ ಹೋರಾಟದ ಬಳಿಕ, ಜೂನ್ 7ರಂದು, ದೊರೆ ಏಳನೆಯ ಹೋಕನ್ ಮತ್ತು ಅವನ ಸರ್ಕಾರ ಉತ್ತರದ ಟ್ರೋಮ್ಸೋ ಬಂದರಿನಿಂದ ಇಂಗ್ಲೆಂಡಿಗೆ ಹಡಗು ಹತ್ತಿದರು.

ನೆಲವನ್ನು ಕಳೆದುಕೊಂಡ ದೇಶ ವಿಮಾನದಳವನ್ನು ಕಟ್ಟುವುದೆಲ್ಲಿ? ಅದಕ್ಕೆ ಸ್ಥಳ ದೊರೆತದ್ದು ಕೆನಡಾದ ಟೊರಾಂಟೊ ನಗರದ ಸರೋವರದಂಚಿನಲ್ಲಿ. 1940ರ ನವೆಂಬರಿನಲ್ಲಿ ಅಲ್ಲಿ ಆರಂಭವಾದ ತರಬೇತಿ ಶಿಬಿರಕ್ಕೆ 'ಪುಟ್ಟ ನಾರ್ವೆ' ಎಂಬ ಹೆಸರಾಯಿತು. ಆಕ್ರಮಣಕ್ಕೆ ಮುನ್ನ ಅಮೆರಿಕದಿಂದ ತರಿಸಲೆಂದು ಗೊತ್ತುಮಾಡಿದ್ದ ಕರ್ಟಿಸ್ ವಿಮಾನಗಳು ತಾಯ್ನಾಡಿಗೆ ಹೋಗುವ ಬದಲು ಇಲ್ಲಿಗೆ ಬಂದವು. ತರುಣರು ಬಂದ ದಾರಿಗಳನ್ನು ನೆನೆದರೆ ಅಚ್ಚರಿಯಾಗುತ್ತದೆ. ಕೆಲವರು ಮೀನುಗಾರರ ದೋಣಿಗಳಲ್ಲಿ ಉತ್ತರ ಸಮುದ್ರವನ್ನು ದಾಟಿ ಬ್ರಿಟನ್ನಿಗೆ ಬಂದರು. ಇನ್ನು ಕೆಲವರು ಸ್ವೀಡನ್ನಿಗೆ ನುಸುಳಿ, ಸೈಬೀರಿಯಾದ ಉದ್ದಕ್ಕೂ ರೈಲಿನಲ್ಲಿ ಸಾಗಿ, ಜಪಾನಿನಿಂದ ಶಾಂತಸಾಗರವನ್ನು ದಾಟಿ ಟೊರಾಂಟೊ ಸೇರಿದರು. ಪಶ್ಚಿಮಕ್ಕಿದ್ದ ಊರನ್ನು ತಲುಪಲು ಪೂರ್ವಾಭಿಮುಖವಾಗಿ ಭೂಮಿಯನ್ನು ಬಳಸಿ ಬರಬೇಕಾಯಿತು.

1941ರ ಜುಲೈ 21ರಂದು ಇಂಗ್ಲೆಂಡಿನ ಕ್ಯಾಟರಿಕ್‌ನಲ್ಲಿ 331ನೆಯ ಸ್ಕ್ವಾಡ್ರನ್ ಹರಿಕೇನ್ ವಿಮಾನಗಳೊಂದಿಗೆ ಜನ್ಮ ತಾಳಿತು. ಕ್ರಮಸಂಖ್ಯೆ ಬ್ರಿಟಿಷ್ ವಾಯುಪಡೆಯದು, ಆಳುಗಳು ನಾರ್ವೆಯವರು. ಧ್ಯೇಯವಾಕ್ಯ 'ನಾರ್ವೆಗಾಗಿ' ಎಂಬುದು. ಕೆಲವು ವಾರಗಳಲ್ಲೇ ಈ ದಳವನ್ನು ಆರ್ಕ್ನಿ ದ್ವೀಪಗಳಿಗೆ, ಬ್ರಿಟಿಷ್ ನೌಕಾನೆಲೆಯ ಕಾವಲಿಗೆಂದು ಕಳುಹಿಸಲಾಯಿತು. ಆ ದ್ವೀಪಗಳು ಒಂದು ಕಾಲಕ್ಕೆ ನಾರ್ವೆಯ ಕಿರೀಟಕ್ಕೆ ಸೇರಿದ್ದವು; 1468ರಲ್ಲಿ ರಾಜಕುಮಾರಿಯೊಬ್ಬಳ ವರದಕ್ಷಿಣೆಯ ಹಣಕ್ಕೆ ಒತ್ತೆಯಾಗಿ ಸ್ಕಾಟ್ಲೆಂಡಿನ ಪಾಲಾದಂಥವು. ಪೂರ್ವಜರು ಕಳೆದುಕೊಂಡ ನೆಲವನ್ನು, ತಮ್ಮ ನೆಲವನ್ನು ಕಳೆದುಕೊಂಡ ಮಕ್ಕಳು ಕಾಯ್ದರು.

1942ರ ಜನವರಿಯಲ್ಲಿ ಸೋದರದಳವಾದ 332 ಹುಟ್ಟಿತು. ಆ ವರ್ಷವೇ ಎರಡೂ ದಳಗಳು ಲಂಡನ್ನಿನ ಬಳಿಯ ನಾರ್ತ್ ವೀಲ್ಡ್ ನೆಲೆಗೆ ಬಂದವು. ಈಗ ಅವರದು ಸ್ಪಿಟ್‌ಫೈರ್ ವಿಮಾನಗಳು; ಅವುಗಳ ಮೂತಿಗೆ ನಾರ್ವೆಯ ಧ್ವಜದ ಕೆಂಪು, ಬಿಳಿ, ನೀಲಿ ಬಣ್ಣಗಳ ಪಟ್ಟೆ. ಆಗಸ್ಟ್ 19ರ ಡಿಯೆಪ್ ದಾಳಿಯಲ್ಲಿ ಇವು ಕಾದಿದವು. 1943ರಲ್ಲಿ 331ರ ನಾಯಕನಾದ ಕೈ ಬಿರ್ಕ್‌ಸ್ಟೆಡ್ ಡೆನ್ಮಾರ್ಕಿನವನು. ಅವನ ದೇಶವೂ ಅದೇ ಏಪ್ರಿಲ್ 9ರಂದು ಆಕ್ರಮಣಕ್ಕೆ ತುತ್ತಾಗಿತ್ತು. 1944ರಲ್ಲಿ ಈ ದಳಗಳು ನಾರ್ಮಂಡಿಗೂ, ಅಲ್ಲಿಂದ ಬೆಲ್ಜಿಯಂ ಹಾಲೆಂಡುಗಳಿಗೂ ಸಾಗಿದವು. 1945ರ ಮೇ 22ರಂದು ಸ್ಪಿಟ್‌ಫೈರುಗಳು ನಾರ್ವೆಯ ಗಾರ್ಡರ್ಮೋಯೆನ್ ನಿಲ್ದಾಣದಲ್ಲಿ ಇಳಿದವು. ಮರಳಿದವರೊಡನೆ ಮರಳದವರ ಹೆಸರುಗಳೂ ಬಂದವು.

ಇಷ್ಟನ್ನು ಹೇಳಿ ಮುಗಿಸಿದರೆ ಕಥೆ ಅರ್ಧವೇ ಆದೀತು. ಈ ವಿಮಾನಗಳಿಗೆ, ಶಿಬಿರಕ್ಕೆ, ಸಂಬಳಕ್ಕೆ ಹಣ ಬಂದುದೆಲ್ಲಿಂದ? ನಾರ್ವೆಯ ವ್ಯಾಪಾರಿ ಹಡಗುಗಳಿಂದ. ಶತ್ರುವಿಗೆ ಸಿಕ್ಕದೆ ಉಳಿದ ಸುಮಾರು 1,000 ಹಡಗುಗಳನ್ನು ಸರ್ಕಾರ 'ನೋರ್ಟ್ರಾಶಿಪ್' ಎಂಬ ಸಂಸ್ಥೆಯ ಅಧೀನಕ್ಕೆ ತಂದಿತು. ತೈಲವನ್ನೂ ಧಾನ್ಯವನ್ನೂ ಹೊತ್ತು ಅಟ್ಲಾಂಟಿಕ್ ದಾಟಿದ ಆ ಹಡಗುಗಳ ಗಳಿಕೆಯೇ ಗಡಿಪಾರಾದ ಸರ್ಕಾರದ ಮುಖ್ಯ ಆಧಾರ. ಜಲಾಂತರ್ಗಾಮಿಗಳಿಗೂ ಬಾಂಬುಗಳಿಗೂ ಬಲಿಯಾದ ನಾವಿಕರು 3,000ಕ್ಕೂ ಹೆಚ್ಚು. ಬ್ರಿಟಿಷ್ ನಾವಿಕರಿಗಿಂತ ಹೆಚ್ಚಿದ್ದ ಅವರ ಯುದ್ಧಭತ್ಯವನ್ನು ಇಳಿಸಿ, ಆ ವ್ಯತ್ಯಾಸದ ಹಣವನ್ನು ಗುಪ್ತನಿಧಿಯೊಂದಕ್ಕೆ ಸೇರಿಸಲಾಗಿತ್ತು. ಯುದ್ಧ ಮುಗಿದ ಮೇಲೆ ಅದು ತಮ್ಮ ದುಡಿಮೆಯ ಹಣವೆಂದು ನಾವಿಕರು ಕೇಳಿದರು. 1954ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ಹಕ್ಕನ್ನು ಒಪ್ಪಲಿಲ್ಲ. ಕಡೆಗೆ 1972ರಲ್ಲಿ ಸಂಸತ್ತು ಪರಿಹಾರಧನ ಮಂಜೂರು ಮಾಡಿತು. ಅಷ್ಟರಲ್ಲಿ ಎಷ್ಟೋ ಮಂದಿ ತೀರಿಕೊಂಡಿದ್ದರು.

331ನೆಯ ದಳದ ಚರಿತ್ರೆ ಮುಂದೆಯೂ ಹರಿಯಿತು. ಆರ್ಕ್ಟಿಕ್ ವೃತ್ತದಾಚೆಯ ಬೋಡೋ ನೆಲೆಯಲ್ಲಿ ಸ್ಟಾರ್‌ಫೈಟರ್, ಆನಂತರ ಎಫ್-16 ವಿಮಾನಗಳೊಂದಿಗೆ ಅದು ದಶಕಗಳ ಕಾಲ ಉತ್ತರದ ಕಾವಲು ಕಾಯಿತು. 2022ರ ಜನವರಿಯಲ್ಲಿ ಎಫ್-35 ವಿಮಾನಗಳು ಆ ಹೊಣೆಯನ್ನು ವಹಿಸಿಕೊಂಡವು. ವೈಮಾನಿಕನ ಸಾಹಸ ಎಲ್ಲರ ಕಣ್ಣಿಗೂ ಬೀಳುವಂಥದು. ಅದಕ್ಕೆ ಸ್ಮಾರಕಗಳೂ ಬೇಗನೆ ಏಳುತ್ತವೆ. ಆ ಸಾಹಸಕ್ಕೆ ಇಂಧನ ತಂದವನ ಕೂಲಿಗೆ ಮಾತ್ರ ಇಪ್ಪತ್ತೇಳು ವರ್ಷ ಕಾಯಬೇಕಾಯಿತು. ಒಂದು ದೇಶ ತನ್ನ ಸ್ವಾತಂತ್ರ್ಯದ ಲೆಕ್ಕ ಬರೆಯುವಾಗ ಈ ಇಬ್ಬರ ಹೆಸರನ್ನೂ ಒಂದೇ ಪುಟದಲ್ಲಿ ಬರೆಯುವುದು ನ್ಯಾಯ.