ಕಲ್ಲು ರುಬ್ಬುವ ಕುಕಡಿ

ಮಕ್ಕಳೇ, ಬನ್ನಿ, ಇವತ್ತು ಪುಣೆ ಜಿಲ್ಲೆಯ ರಾಂಜಣಗಾಂವದ ಕಡೆ ಹೋಗಿಬರೋಣ. ಪುಣೆಯಿಂದ ಹೆದ್ದಾರಿ ಹಿಡಿದು ಸುಮಾರು 50 ಕಿಲೋಮೀಟರ್. ಅಷ್ಟವಿನಾಯಕರಲ್ಲೊಬ್ಬನಾದ ಮಹಾಗಣಪತಿಗೆ ಕೈಮುಗಿದು ಹೊರಗೆ ಬಂದರೆ ಸುತ್ತಲೂ ಬಯಲು. ಬೆಟ್ಟಗಳು ಹೆಚ್ಚಾಗಿ ಜಿಲ್ಲೆಯ ಪಡುವಣ ಅಂಚಿನಲ್ಲಿವೆ. ಮೋಡಗಳು ಹೆಚ್ಚಿನ ಮಳೆಯನ್ನು ಆ ಸಹ್ಯಾದ್ರಿಯ ಮೇಲೇ ಸುರಿದುಬಿಡುತ್ತವೆ. ಈ ಬಯಲಿಗೆ ಬರುವುದು ಅಳಿದುಳಿದ ಮಳೆ, ಜೊತೆಗೆ ಬೆಟ್ಟದಿಂದ ಇಳಿದುಬರುವ ನದಿಗಳು.

ಅಂಥ ಒಂದು ನದಿ ಕುಕಡಿ. ಅದು ಹುಟ್ಟುವುದು ಜುನ್ನರದ ಬೆಟ್ಟಗಳಲ್ಲಿ, ನಾಣೇಘಾಟ್ ಎಂಬ ಹಳೆಯ ಕಣಿವೆದಾರಿಯ ಹತ್ತಿರ. ಸುಮಾರು 2000 ವರ್ಷಗಳ ಹಿಂದೆ ಕೊಂಕಣದ ವ್ಯಾಪಾರಿಗಳು ಸರಕು ಹೊತ್ತು ಹತ್ತಿಬರುತ್ತಿದ್ದ ದಾರಿ ಅದು. ಅಲ್ಲಿನ ಗುಹೆಯ ಗೋಡೆಯಲ್ಲಿ ಶಾತವಾಹನರ ರಾಣಿ ನಾಗನಿಕಾಳ ಕಾಲದ ಶಾಸನವಿದೆ. ಎಷ್ಟು ಹಸು, ಎಷ್ಟು ಕುದುರೆ ದಾನ ಕೊಟ್ಟರೆಂಬ ಲೆಕ್ಕ ಅದರಲ್ಲಿದೆ. ನಮ್ಮ ದೇಶದ ಅತಿ ಹಳೆಯ ಅಂಕಿಗಳಲ್ಲಿ ಕೆಲವನ್ನು ನಾವು ಕಾಣುವುದು ಅಲ್ಲೇ.

ಈ ಸೀಮೆಯ ನೆಲವೆಲ್ಲ ಕಪ್ಪು ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಕೆಂಡದಂಥ ಲಾವಾ ಉಕ್ಕಿ ಹರಿದು, ಆರಿ ಗಟ್ಟಿಯಾಯಿತು. ಅದರ ಮೇಲೆ ಮತ್ತೊಂದು ಪದರ, ಮತ್ತೊಂದು. ಈ ಕಲ್ಲಿಗೆ ಬಸಾಲ್ಟ್ ಎನ್ನುತ್ತಾರೆ. ಸುತ್ತಿಗೆಯಿಂದ ಬಡಿದರೂ ಸುಲಭಕ್ಕೆ ಒಡೆಯದು.

ಈಗ ನಾನು ತೋರಿಸಬೇಕೆಂದಿದ್ದ ಜಾಗಕ್ಕೆ ಬನ್ನಿ. ರಾಂಜಣಗಾಂವ ಇರುವ ಶಿರೂರು ತಾಲ್ಲೂಕಿನಲ್ಲೇ ಟಾಕಳಿ ಹಾಜಿ ಎಂಬ ಊರಿದೆ, ಕುಕಡಿಯ ಆಚೆ ದಡದಲ್ಲಿ ನಿಘೋಜ್. ಇವೆರಡರ ನಡುವೆ ನದಿಯ ಹಾಸುಬಂಡೆಯ ತುಂಬ ಗುಂಡಗಿನ ಗುಳಿಗಳು! ಕೆಲವು ನಿಮ್ಮ ಅಂಗೈಯಷ್ಟು, ಕೆಲವು ಆಳವಾದ ಬಾವಿಯಷ್ಟು. ಒಳಗೋಡೆ ಸವರಿ ನೋಡಿದರೆ ನುಣ್ಣಗಿರುತ್ತದೆ. ಉಳಿ ಹಿಡಿದು ಯಾರೂ ಕಡೆದಿದ್ದಲ್ಲ.

ಹಾಗಾದರೆ ಯಾರ ಕೆಲಸ? ಅಜ್ಜಿಯ ಮನೆಯ ರುಬ್ಬುವ ಕಲ್ಲನ್ನು ನೆನೆಸಿಕೊಳ್ಳಿ. ಗುಳಿಯೊಳಗೆ ಗುಂಡು ಸುತ್ತುತ್ತದೆ, ಅಕ್ಕಿ ನುಣ್ಣಗಾಗುತ್ತದೆ, ವರ್ಷಗಳು ಕಳೆದಂತೆ ಕಲ್ಲೂ ಸವೆಯುತ್ತದೆ. ಇಲ್ಲಿ ಗುಂಡು ತಿರುಗಿಸುವುದು ನೀರು. ಮಳೆಗಾಲದ ಪ್ರವಾಹ ಬಂಡೆಯ ಸಣ್ಣ ತಗ್ಗಿನಲ್ಲಿ ಸುಳಿಯಾಗುತ್ತದೆ. ಸುಳಿಗೆ ಸಿಕ್ಕ ಕಲ್ಲು, ಮರಳು ಹೊರಗೆ ಬರಲಾರದೆ ಗಿರಗಿರ ಸುತ್ತುತ್ತ ಬಂಡೆಯನ್ನು ಉಜ್ಜುತ್ತವೆ. ತಗ್ಗು ಗುಳಿಯಾಗುತ್ತದೆ. ಗುಳಿ ಆಳವಾದಷ್ಟೂ ಕಲ್ಲುಗಳಿಗೆ ಬಿಡುಗಡೆ ಕಷ್ಟ, ಉಜ್ಜಾಟ ಮಾತ್ರ ನಿಲ್ಲದು. ಉಜ್ಜುವ ಕಲ್ಲೂ ಸವೆದು ದುಂಡಗಾಗುತ್ತದೆ, ಕೊನೆಗೆ ಪುಡಿಯಾಗುತ್ತದೆ. ಮುಂದಿನ ಪ್ರವಾಹ ಹೊಸ ಕಲ್ಲು ತಂದುಹಾಕುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಕೆಲವು ಗುಳಿಗಳ ತಳದಲ್ಲಿ ಈ ದುಂಡುಕಲ್ಲುಗಳು ಕಾಣುತ್ತವೆ. ಪಕ್ಕದ ಎರಡು ಗುಳಿಗಳ ನಡುವಿನ ಗೋಡೆ ಸವೆದು ಅವು ಒಂದಾಗಿರುವುದನ್ನೂ ಹುಡುಕಿ. ನದಿ ತನ್ನ ಪಾತ್ರವನ್ನು ಆಳ ಮಾಡಿಕೊಳ್ಳುವ ಒಂದು ಬಗೆ ಇದು. ಅಂಚಿಗೆ ಮಾತ್ರ ಹೋಗಬೇಡಿ, ದೊಡ್ಡವರ ಕೈ ಹಿಡಿದೇ ನೋಡಿ. ಆ ನುಣುಪು ಕಲ್ಲು ಬಲು ಜಾರುತ್ತದೆ.

ಕಲ್ಲಿನ ಆ ಪುಡಿಯನ್ನು ಹೊತ್ತು ಕುಕಡಿ ಘೋಡ್ ನದಿಗೆ, ಘೋಡ್ ಭೀಮೆಗೆ ಸೇರುತ್ತವೆ. ಭೀಮೆ ನಮ್ಮ ಕಲಬುರಗಿ ಜಿಲ್ಲೆಗೆ ಬಂದು ಗಾಣಗಾಪುರ, ಸನ್ನತಿಗಳನ್ನು ದಾಟಿ, ರಾಯಚೂರಿನ ಹತ್ತಿರ ಕೃಷ್ಣೆಯನ್ನು ಕೂಡುತ್ತದೆ. ಸನ್ನತಿಯ ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಕೆಲವು ರಾಜರ ಶಿಲ್ಪಗಳಿವೆ. ಅವರಲ್ಲಿ ಹಲವರು ಯಾವ ವಂಶದವರು ಗೊತ್ತೇ? ನಾಣೇಘಾಟಿನ ಗುಹೆಯಲ್ಲಿ ಲೆಕ್ಕ ಬರೆಸಿದ ಅದೇ ಶಾತವಾಹನರು.